ಅರವತ್ತು ಕೇಜಿಯ ಚಕ್ರ

ಚಿಕ್ಕಬಳ್ಳಾಪುರದ ಸೈಕಲ್ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಹೊಸ ಟೈರು, ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಮಗಳ ಸೈಕಲ್ಲಿನ ಹಿಂದಿನ ಚಕ್ರ ಮೂರನೇ ಸಲ ಕಡ್ಡಿ ಮುರಿದುಕೊಂಡಿತ್ತು. ಗಟ್ಟಿಯಾದದ್ದೊಂದು ಹಾಕಿಸೋಣವೆಂದು ಹೋಗಿದ್ದೆವು. ಅವಳದೂ ನನ್ನದೇ ಮೈಕಟ್ಟು. ಆ ವಾಸನೆಗೆ ಮಂಚೇನಹಳ್ಳಿಯ ಸೈಕಲ್ ಶಾಪಿನವನು ನೆನಪಾದ. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು. ಆದರೂ ‘ಅವರು’ ಅನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ.

ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅಷ್ಟನ್ನು ಒಪ್ಪುತ್ತೇನೆ. ಆಳು ನೋಡಿ ಚಕ್ರ ಕಟ್ಟುತ್ತಿದ್ದ. ಸಣಕಲರಿಗೆ ಸಾಧಾರಣ ರಿಮ್ಮು, ತೆಳ್ಳನೆ ಕಡ್ಡಿ. ದಪ್ಪಗಿದ್ದವರಿಗೆ, ಹಾಲಿನ ಕ್ಯಾನು ಹೊರುವವರಿಗೆ ನಲವತ್ತು ತೂತಿನ ರಿಮ್ಮು, ದಪ್ಪ ಕಡ್ಡಿ, ನಡುವೆ ಅದಕ್ಕೆ ಹೊಂದುವ ಹಬ್ಬು. ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ, ಸದ್ದು ಕೇಳಿ ಬಿಗಿ ಮಾಡುತ್ತಿದ್ದ. ಆದರೆ ಕಟ್ಟುವ ಮೊದಲು ದಪ್ಪಗಿದ್ದವರನ್ನು ಪಕ್ಕದ ಜೋಳದ ಮಂಡಿಯ ತಕ್ಕಡಿ ಮೇಲೆ ನಿಲ್ಲಿಸಿ, ತೂಕವನ್ನು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

“ಎರಡು ಮೂಟೆ ಬಂತ್ರಪ್ಪೋ!”

ಮಂಡಿಯ ಹಮಾಲರು ಬಿದ್ದು ಬಿದ್ದು ನಗುತ್ತಿದ್ದರು.

ನನಗಾಗ ಹತ್ತೊಂಬತ್ತು. ಗೌರಿಬಿದನೂರಿನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ನಮ್ಮ ಹಳ್ಳಿಯಿಂದ ಮಂಚೇನಹಳ್ಳಿವರೆಗೆ ಸೈಕಲ್ಲು, ಅಲ್ಲಿಂದ ಬಸ್ಸು. ಕಡ್ಡಿ ಮುರಿದಾಗಲೆಲ್ಲ ಬಸ್ಸು ತಪ್ಪುತ್ತಿತ್ತು. “ಇನ್ನೊಂದ್ಸಲ ಸೈಕಲ್ ಕೆಟ್ಟು ವಾಪಸ್ ಬಂದ್ರೆ ಓದು ಸಾಕು, ಮನೇಲಿರು,” ಎಂದು ಅಪ್ಪ ಹೇಳಿಯಾಗಿತ್ತು. ಹಾಗಾಗಿ ಅವನ ಶಾಪಿಗೆ ಹೋದೆ. ತಕ್ಕಡಿ ಹತ್ತು ಎಂದ. ಹಮಾಲರು ಆಗಲೇ ಬೀಡಿ ಹಚ್ಚಿಕೊಂಡು ನೋಡುತ್ತ ನಿಂತಿದ್ದರು. ನಾನು ಹತ್ತಲಿಲ್ಲ.

“ಬೇಡ ಅಣ್ಣ. ತೂಕ ನಂಗೊತ್ತು. ಅರವತ್ತು.”

ನಾನು ಎಂಬತ್ತೆಂಟಿದ್ದೆ. ಅವನು ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದ.

“ಅರವತ್ತಾ? ಸರಿ ಬಿಡಮ್ಮ, ಅರವತ್ತಕ್ಕೇ ಕಟ್ತೀನಿ.”

ಕಟ್ಟಿಯೂ ಕೊಟ್ಟ. ಫಳಫಳ ಹೊಳೆಯುವ ರಿಮ್ಮು, ತಿರುಗಿಸಿದರೆ ಕೂದಲೆಳೆಯಷ್ಟೂ ಅಲುಗಾಟವಿಲ್ಲ. ತಕ್ಕಡಿಯಿಂದ ತಪ್ಪಿಸಿಕೊಂಡೆನಲ್ಲ ಎಂದು ನಾನು ದಾರಿಯುದ್ದಕ್ಕೂ ಹಿಗ್ಗಿದ್ದೇ ಹಿಗ್ಗಿದ್ದು.

ಕೊನೆಯ ಪರೀಕ್ಷೆಯ ಮೊದಲ ದಿನ, ಮೋರಿಯ ಹತ್ತಿರದ ಇಳಿಜಾರಿನಲ್ಲಿ ಆ ಚಕ್ರ ಹಸಿ ಹಪ್ಪಳದ ಹಾಗೆ ಮಡಚಿಕೊಂಡಿತು. ಬಲಗೈ ಮೂಳೆ ಮುರಿಯಿತು. ಅಪ್ಪ ಬೈಯಲೂ ಇಲ್ಲ. ಸೈಕಲ್ಲನ್ನು ಗುಜರಿಗೆ ಹಾಕಿ, ಪುಸ್ತಕಗಳನ್ನು ಅಟ್ಟಕ್ಕೆ ಏರಿಸಿದ. ಅಲ್ಲಿಗೆ ನನ್ನ ಓದು ಮುಗಿಯಿತು.

ಕೈಗೆ ಪಟ್ಟಿ ಕಟ್ಟಿಕೊಂಡೇ ಶಾಪಿಗೆ ಹೋಗಿ, “ಮುರಿಯುತ್ತೆ ಅಂತ ಗೊತ್ತಿತ್ತಲ್ವಾ ನಿಮಗೆ?” ಎಂದು ಕೇಳಿದೆ.

“ಗೊತ್ತಿತ್ತು ಕಣಮ್ಮ. ನೀನ್ ಹೇಳಿದ ತೂಕಕ್ಕೆ ಕಟ್ಟಿದೆ. ಸುಳ್ಳು ಹೇಳ್ದೋರಿಗೆ ನನ್ ಚಕ್ರಾನೇ ಬುದ್ಧಿ ಕಲ್ಸುತ್ತೆ.”

ಅಷ್ಟು ಹೇಳಿ ಟೀ ಕುಡಿಯತೊಡಗಿದ.

ಹೋದ ವರ್ಷ ಮಂಚೇನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಮತ್ತೆ ಕಂಡೆ. ಲಕ್ವ ಹೊಡೆದು ಒಂದು ಕಾಲು ಎಳೆಯುತ್ತಿದ್ದ. ಮೈಯಲ್ಲಿ ಏನೂ ಉಳಿದಿರಲಿಲ್ಲ. ನಾನು ಬಸ್ಸಿನ ಮೆಟ್ಟಿಲ ಮೇಲಿದ್ದೆ. ಹತ್ತಲಾಗದೆ ನನ್ನ ಕಡೆ ಕೈ ಚಾಚಿದ.

“ವಸಿ ಹಿಡ್ಕೊಳಮ್ಮ.”

“ತೂಕ ಎಷ್ಟು ಹೇಳಿ. ಆಮೇಲೆ ಹಿಡ್ಕೊಂತೀನಿ,” ಎಂದೆ, ಇಡೀ ಬಸ್ಸಿಗೆ ಕೇಳುವಂತೆ. ಒಳಗಿದ್ದವರು ನಕ್ಕರು. ಅವನು ನನ್ನ ಮುಖ ನೋಡಿದ. ಗುರುತು ಹಿಡಿದ.

“ನಲವತ್ತೊಂದು,” ಎಂದ. ಚಾಚಿದ ಕೈ ಹಾಗೇ ಇತ್ತು.

ನಾನು ಹಿಡಿಯಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಗೌರಿಬಿದನೂರು ಬರುವವರೆಗೂ ನನ್ನ ಹೊಟ್ಟೆ ತಣ್ಣಗಿತ್ತು, ಸುಳ್ಳೇಕೆ ಹೇಳಲಿ. ಎರಡು ತಿಂಗಳಿಗೆ ಅವನು ತೀರಿಕೊಂಡನಂತೆ... ಸುದ್ದಿ ಕೇಳಿದ ದಿನ ಮಾತ್ರ ಊಟ ಸೇರಲಿಲ್ಲ. ಅಂಥ ಚಕ್ರ ಕಟ್ಟುವವರು ನಮ್ಮ ಕಡೆ ಇನ್ನೊಬ್ಬರಿಲ್ಲ. ನಾನಂತೂ ಟೀಚರ್ ಆಗಲಿಲ್ಲ. ಅವನು ಸತ್ತಿದ್ದರಿಂದ ಅದೇನೂ ವಾಪಸ್ ಬರಲಿಲ್ಲ.

“ಓಡಿಸೋರ ವೆಯ್ಟ್ ಎಷ್ಟು ಮೇಡಂ?” ಚಿಕ್ಕಬಳ್ಳಾಪುರದ ಅಂಗಡಿಯವನು ಕೇಳುತ್ತಿದ್ದ.

“ತೊಂಬತ್ತೆರಡು,” ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.

ಅವನು ತಲೆಯಾಡಿಸಿ ಬರೆದುಕೊಂಡ. ನಾನು ಮಾತ್ರ, ಯಾರಾದರೂ ನಕ್ಕರೇನೋ ಎಂದು ಬಾಗಿಲ ಕಡೆ ತಿರುಗಿ ನೋಡಿದೆ.