ಮಂಡಿಗೆ ಇನ್ಶೂರೆನ್ಸ್, ಮಡಿಲಿಗೆ ಕರ್ಮ

‘ಮಕ್ಕಳಾಗದಿರೋದು ಪೂರ್ವಜನ್ಮದ ಕರ್ಮ. ಅದಕ್ಕೂ ಇನ್ಶೂರೆನ್ಸ್ ಕೇಳೋದು ನಮ್ಮ ಧರ್ಮಕ್ಕೆ ಒಪ್ಪೋದಲ್ಲ.’

ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಹೀಗೆ ಘೋಷಿಸಿದವರು ನಮ್ಮ ದೇವಸ್ಥಾನದ ಕಮಿಟಿಯ ಮೂರ್ತಿಯವರು. ಪಕ್ಕದಲ್ಲಿ ಕೂತಿದ್ದ ಗೆಳತಿ ವಿದ್ಯಾ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಉಂಗುರ ಒತ್ತಿ ನೋವಾಯಿತು.

ಹೋದ ವಾರದ ಮಾತು. ಅಮೆರಿಕದಲ್ಲಿ ನಾವಿರುವ ಊರು ಬಾಥೆಲ್‌ನ ಚರ್ಚ್ ಹಾಲೊಂದರಲ್ಲಿ ಸಭೆ. ಮಕ್ಕಳಾಗಲು ಮಾಡಿಸಿಕೊಳ್ಳುವ ಚಿಕಿತ್ಸೆಯ ಖರ್ಚನ್ನು ಇನ್ಶೂರೆನ್ಸ್ ಕಂಪನಿಗಳು ಕೊಡಲೇಬೇಕು ಅಂತ ಕೆಲವು ರಾಜ್ಯಗಳಲ್ಲಿ ಕಾನೂನಿದೆ. ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿಲ್ಲ. ಅಂಥ ಕಾನೂನು ಇಲ್ಲೂ ಬೇಕೋ ಬೇಡವೋ, ಎಲ್ಲ ಧರ್ಮದವರೂ ಹೇಳಿ ಅಂತ ಕರೆದಿದ್ದರು. ಪಾದ್ರಿಯವರಿಗೆ ಲ್ಯಾಬಿನಲ್ಲಿ ಉಳಿದುಹೋಗುವ ಭ್ರೂಣಗಳ ಚಿಂತೆ. ಯಹೂದಿ ಗುರುಗಳು, ಮಗು ಬೇಕೆನ್ನುವವರಿಗೆ ನೆರವಾಗುವುದೇ ಧರ್ಮ ಅಂದರು. ನಾವು ಒಪ್ಪಲಿ ಬಿಡಲಿ, ಇಬ್ಬರೂ ಯೋಚನೆ ಮಾಡಿ ಬಂದಿದ್ದರು.

ನಮ್ಮವರು? ಕರ್ಮ ಅಂದು ಕೈತೊಳೆದುಕೊಂಡರು. (ಸಂತಾನಗೋಪಾಲ ಹೋಮಕ್ಕೆ ಹೆಸರು ಬರೆಸಿಕೊಳ್ಳುವವರೂ ಇವರೇ!)

ವಿದ್ಯಾ ಗದಗಿನವಳು. ಇಲ್ಲೇ ನಾರ್ತ್ ಕ್ರೀಕ್‌ನಲ್ಲಿರುವ ನನ್ನ ಆಫೀಸಿನವಳೇ. ರೆಸ್ಟ್‌ರೂಮಿನಲ್ಲಿ ಹೊಟ್ಟೆಗೆ ಇದೇ ಚಿಕಿತ್ಸೆಯ ಇಂಜೆಕ್ಷನ್ ಚುಚ್ಚಿಕೊಂಡು, ಮುಖ ತೊಳೆದು ಮೀಟಿಂಗಿಗೆ ಬರುತ್ತಾಳೆ. ಎರಡು ಸಲ ಗರ್ಭ ನಿಂತಿತು, ಉಳಿಯಲಿಲ್ಲ. ಇನ್ಶೂರೆನ್ಸ್‌ನವರ ಪ್ರಕಾರ ಇದು ಕಾಯಿಲೆಯೇ ಅಲ್ಲ. (ಇದನ್ನೆಲ್ಲ ಬರಿ ಅಂದವಳು ಅವಳೇ.)

ಪ್ರಶ್ನೆ ಕೇಳಬಹುದು ಅಂದದ್ದೇ ತಡ, ವಿದ್ಯಾ ಎದ್ದಳು. ಸಿಟ್ಟಿಗೆ ಇಂಗ್ಲಿಷ್ ಹಾರಿಹೋಗಿತ್ತು.

‘ಮೂರ್ತಿ ಸರ್, ಹೋದ ವರ್ಷ ನಿಮ್ಮ ಮಂಡಿ ಆಪರೇಷನ್ ಆತಲ್ರೀ, ಅದು ಯಾವ ಜನ್ಮದ ಕರ್ಮ? ಅದಕ್ಕ ಇನ್ಶೂರೆನ್ಸ್ ಯಾಕ್ ತಗೊಂಡ್ರಿ?’

ಸಭೆ ನಡೆಸುತ್ತಿದ್ದಾಕೆ, ಏನಂದರು ಅಂತ ಮೂರ್ತಿಯವರನ್ನೇ ಕೇಳಿದಳು. ‘ಏನಿಲ್ಲ, ಪರ್ಸನಲ್ ಮ್ಯಾಟರ್’ ಅಂದರು. ಪರ್ಸನಲ್ಲಾ? ನಾನೇ ಎದ್ದು ಅನುವಾದ ಮಾಡಿದೆ. ಒಂದಕ್ಷರ ಬಿಡದೆ.

ಪಾದ್ರಿಯವರು ಮೂರ್ತಿಯವರ ಕಡೆ ತಿರುಗಿ ಉತ್ತರಕ್ಕೆ ಕಾದರು.

ಮೂರ್ತಿಯವರ ಉತ್ತರ ಬಂದದ್ದು ಮಾರನೇ ದಿನ, ಫೋನಿನಲ್ಲಿ. ಅದೂ ವಿದ್ಯಾಗಲ್ಲ, ಅವಳ ಗಂಡ ಗಿರೀಶನಿಗೆ. ‘ಅಮೆರಿಕನ್ನರ ಮುಂದೆ ನಮ್ಮ ಮಾನ ತೆಗೆದುಬಿಟ್ರು ನಿಮ್ಮ ಮನೆಯವರು. ಸ್ವಲ್ಪ ತಿಳಿಸಿ ಹೇಳಿ. ಮತ್ತೆ, ಶನಿವಾರ ಸ್ನೊಕ್ವಾಲ್ಮಿಯ ಮಗನ ಮನೆಯಲ್ಲಿ ನಮ್ಮ ಸೊಸೆ ಸೀಮಂತ ಇದೆಯಲ್ಲ, ನೀವೊಬ್ರೇ ಬಂದ್ರೆ ಸಾಕು. ಶುಭಕಾರ್ಯ ನೋಡಿ, ಮನೇಲಿ ಹೆಂಗಸರು ಒಂಥರಾ ಅಂದ್ಕೋತಾರೆ.’

ಗಿರೀಶ ಮಹಾ ಸಂಕೋಚದವನು. ಚಿಕಿತ್ಸೆಯ ವಿಷಯ ಹೊರಗೆ ಗೊತ್ತಾಗುತ್ತೆ ಅಂತ ಸಭೆಗೂ ಬಂದಿರಲಿಲ್ಲ. ಅಂಥವನು ಅವತ್ತು, ‘ನನ್ನ ಹೆಂಡ್ತಿ ಕೇಳಿದ್ದು ಬರೋಬ್ಬರಿ ಐತ್ರೀ. ನಾವಿಬ್ರೂ ಬರೂದಿಲ್ಲ’ ಅಂದು ಫೋನ್ ಇಟ್ಟನಂತೆ.

ಶನಿವಾರ ನಾನೂ ಹೋಗಲಿಲ್ಲ. ವಿದ್ಯಾ ಮನೆಯಲ್ಲಿ ಗಿರಮಿಟ್ ತಿಂದು ಕೂತಿದ್ದೆವು. ಅವಳು ಅಳಲಿಲ್ಲ. ‘ಆ ಹುಡುಗಿಗೆ ಸೀರಿ ತಂದಿಟ್ಟಿದ್ದೆ’ ಅಂದಳು, ಅಷ್ಟೇ.

ಬಸುರಿಗೆ ಆರತಿ ಎತ್ತುವ ಮನೆಯಲ್ಲಿ ಬಸಿರು ಬಯಸುವವಳಿಗೆ ಜಾಗವಿಲ್ಲ ಅನ್ನುವುದು ಯಾವ ಧರ್ಮ ಸ್ವಾಮಿ?