ಖಂಡೆಪೂಜೆಯ ಲ್ಯಾಪ್‌ಟಾಪ್

ಸಿಟ್ಟು ನನ್ನ ಮೂಗಿನ ತುದಿಯಲ್ಲಿತ್ತು ಅಂದರೆ ಸುಳ್ಳಾಗುತ್ತದೆ. ಅದು ನನ್ನ ಬಲಗೈಯಲ್ಲಿತ್ತು. ಯಾರಾದರೂ ಏನಾದರೂ ಅಂದರೆ ಬಾಯಿ ಉತ್ತರ ಹುಡುಕುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿರುತ್ತಿತ್ತು. ಆಗ ನಾನು ಗೋಕಾಕದಲ್ಲಿ ಫ್ಲೆಕ್ಸ್ ಬ್ಯಾನರ್ ಮಾಡಿಕೊಡುತ್ತಿದ್ದೆ. ಪುಢಾರಿಗಳ ಹುಟ್ಟುಹಬ್ಬ, ಹೊಸ ಅಂಗಡಿಯ ಉದ್ಘಾಟನೆ, ಶ್ರದ್ಧಾಂಜಲಿ, ಎಲ್ಲಕ್ಕೂ ನನ್ನ ಲ್ಯಾಪ್‌ಟಾಪಿನಲ್ಲೇ ಚಿತ್ರ ಕೂಡಿಸಬೇಕು. ಕಂಪ್ಯೂಟರ್ ನಿಧಾನವಾದರೆ ಮೌಸ್ ಗೋಡೆಗೆ ಬಡಿಯುತ್ತಿತ್ತು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಒದೆಯುತ್ತಿದ್ದೆ. ಒಮ್ಮೆ ಕೊಣ್ಣೂರಿನಿಂದ ಬಂದ ಗಿರಾಕಿಯೊಬ್ಬ, "ನಮ್ಮ ಸಾಹೇಬರ ಮಾರಿ ಕರ್ರಗ ಬಂದೈತಲ್ರಿ" ಅಂದಿದ್ದಕ್ಕೆ ಸುತ್ತಿಟ್ಟ ಫ್ಲೆಕ್ಸಿನಿಂದಲೇ ಅವನಿಗೆ ನಾಲ್ಕು ಬಾರಿಸಿದ್ದೆ. ಓಣಿಯವರು ನಗುತ್ತಿದ್ದರು. "ಭಾಳ ಬಿಸಿ ಮನಷ್ಯಾ ಪಾ ಆಂವ" ಅನ್ನುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ನನಗೊಬ್ಬಳು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಡಿ.ಎಡ್. ಮುಗಿಸಿದವಳು. ಹುಕ್ಕೇರಿಗೆ ಕೊಟ್ಟಿದ್ದೆವು. ಗಂಡ ಹೊಡೆಯುತ್ತಾನೆ ಅನ್ನುವುದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಹಬ್ಬಕ್ಕೆ ಕರೆಯುತ್ತಿದ್ದೆವು, ಹಬ್ಬ ಮುಗಿದ ಮೇಲೆ ಮತ್ತೆ ಬಸ್ಸಿಗೆ ಹತ್ತಿಸುತ್ತಿದ್ದೆವು. ಆ ವರ್ಷದ ಮಳೆಗಾಲದಲ್ಲಿ ಅಕ್ಕ ಒಬ್ಬಳೇ ಬಂದಳು. ಬಲಗೈಯ ಎರಡು ಬೆರಳಿಗೆ ಹಳೆ ಸೀರೆಯ ತುಂಡು ಸುತ್ತಿದ್ದಳು. ತನ್ನ ಸರ್ಟಿಫಿಕೇಟು ತೆಗೆದುಕೊಳ್ಳಲು ಕಪಾಟಿನಲ್ಲಿ ಕೈ ಹಾಕಿದ್ದಳಂತೆ, ಗಂಡ ಕಪಾಟಿನ ಬಾಗಿಲು ಒದ್ದು ಮುಚ್ಚಿದ್ದ. ಬೆರಳು ಜಜ್ಜಿ ಹೋದವು. ಆದರೂ ಎಡಗೈಯಿಂದ ಸರ್ಟಿಫಿಕೇಟು ಎಳೆದುಕೊಂಡೇ ಬಂದಿದ್ದಳು.

ಮರುದಿನವೇ ಇಬ್ಬರು ಗೆಳೆಯರನ್ನು ಕರೆದುಕೊಂಡು ನಾನು ಹುಕ್ಕೇರಿಗೆ ಹೋದೆ. ಊಟಕ್ಕೆ ಕೂತಿದ್ದ ಭಾವನನ್ನು ಕುತ್ತಿಗೆಪಟ್ಟಿ ಹಿಡಿದು ಓಣಿಗೆ ಎಳೆದು ತಂದೆ. ಅವನ ಕೈಯಲ್ಲಿ ಇನ್ನೂ ರೊಟ್ಟಿಯ ತುಂಡಿತ್ತು. ಬೆಲ್ಟು ಬಿಚ್ಚಿ ಹೊಡೆದೆ, ಬೆಲ್ಟು ಜಾರಿದ ಮೇಲೆ ಕೈಯಲ್ಲಿ ಹೊಡೆದೆ, ಕೊನೆಗೆ ಅವನ ಬಾಯಿಯನ್ನು ಕಟ್ಟೆಯ ಕಲ್ಲಿಗೆ ತಿಕ್ಕಿದೆ. ಎರಡು ಹಲ್ಲು ಬಿದ್ದವು. ಆ ದಿನ ನನಗಾದಷ್ಟು ಸಂತೋಷ ಮುಂದೆ ಎಂದೂ ಆಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಬರುವಾಗ ಅರ್ಧ ಕಿಲೊ ಕರದಂಟು ತಂದು ಮನೆಯಲ್ಲಿ ಹಂಚಿದೆ. ಅವ್ವ ತಿಂದಳು. ಅಕ್ಕ ಮುಟ್ಟಲಿಲ್ಲ.

"ಇದರಿಂದ ನನಗೇನಾತು, ತಮ್ಮಾ?" ಅಂದಳು, ಅಷ್ಟೇ.

ಅವಳಿಗೆ ಬೇಕಾಗಿದ್ದದ್ದು ಬೇರೆ. ಪ್ರಾಥಮಿಕ ಶಾಲೆಯ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ತುಂಬಬೇಕು. ವಯಸ್ಸಿನ ಮಿತಿ ಅಕ್ಕನಿಗೆ ಅದೇ ವರ್ಷ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಒಂದೋ ಹುಕ್ಕೇರಿಗೆ ವಾಪಸು ಹೋಗಬೇಕು, ಇಲ್ಲವೇ ನನ್ನ ಅನ್ನದಲ್ಲಿ ಜೀವನವಿಡೀ ಕೂತಿರಬೇಕು. ಅವಳು ಎರಡನ್ನೂ ಒಲ್ಲೆ ಎನ್ನುತ್ತಿದ್ದಳು. ಕೊನೆಯ ದಿನ ವಿಜಯದಶಮಿಗೇ ಬಂದಿತ್ತು, ಸಂಜೆ ಐದು ಗಂಟೆಯವರೆಗೆ.

ಹಿಂದಿನ ದಿನ ಖಂಡೆಪೂಜೆ, ಅಂದರೆ ಆಯುಧಪೂಜೆ. ಬೆಳಿಗ್ಗೆಯೇ ಅಕ್ಕ ಬಂದು, "ತಮ್ಮಾ, ಪೂಜಿಗೆ ಇಡೂಕಿಂತ ಮೊದಲ ಫಾರ್ಮ್ ತುಂಬಿ ಬಿಡೂನು" ಅಂದಳು.

"ನಾಳೆ ಹತ್ತ ನಿಮಿಷದ ಕೆಲಸ ಐತಿ. ಈಗ ಮಡಿಲೆ ಒರಿಸೇನಿ, ಮುಟ್ಟಬ್ಯಾಡ" ಅಂದೆ.

ನಿಜಕ್ಕೂ ಶ್ರದ್ಧೆಯಿಂದ ಒರೆಸಿದ್ದೆ. ಒದ್ದೆ ಬಟ್ಟೆಯಿಂದ ಮೇಲೆ, ಕೆಳಗೆ, ಅಂಚಿನ ಸಂದಿಯಲ್ಲಿ ಎಲ್ಲ ಕಡೆ ಗಸಗಸ ತಿಕ್ಕಿ, ಮೂರು ಬೆರಳಿನಿಂದ ವಿಭೂತಿ ಎಳೆದು, ಮುಂದಿನ ಅಂಚಿಗೂ ಬಳಿದು, ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಏರಿಸಿದ್ದೆ. ಮನೆಯ ಈಳಿಗೆ, ಕುಡುಗೋಲು, ನನ್ನ ಸ್ಕೂಟರಿನ ಪಾನಾಗಳ ಸಾಲಿನಲ್ಲಿ ಲ್ಯಾಪ್‌ಟಾಪೂ ಕೂತಿತು. ಖಂಡೆಪೂಜೆಗೆ ಇಟ್ಟ ಹತಾರವನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ.

ದಶಮಿಯ ಬೆಳಿಗ್ಗೆ ಹತ್ತಕ್ಕೆ ಹೂವು ತೆಗೆದು ಲ್ಯಾಪ್‌ಟಾಪ್ ಚಾಲೂ ಮಾಡಿದೆ. ಅಕ್ಕ ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ತೆಗೆದು ಜೋಡಿಸಿಟ್ಟುಕೊಂಡು ಪಕ್ಕದಲ್ಲಿ ಕೂತಳು. ನೆಟ್ಟು ಬರಲಿಲ್ಲ. ಪರದೆಯ ಮೂಲೆಯಲ್ಲಿ ಇಂಟು ಗುರುತಿನ ಕೆಂಪು ಕಾಟು. ಯಾವ ವೈರ್‌ಲೆಸ್ಸೂ ಸಿಗುತ್ತಿಲ್ಲ ಎಂದು ಬರೆದು ತೋರಿಸುತ್ತಿತ್ತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಮೂರು ಸಲ ಮಾಡಿದೆ. ನಾಲ್ಕನೆಯ ಸಲ ಮುಚ್ಚಳದ ಮೇಲೆ ಅಂಗೈ ಬೀಸಿ ಹೊಡೆದೆ. ಅಕ್ಕ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿದಳು.

ನಮಗೆ ನೆಟ್ಟು ಬರುತ್ತಿದ್ದದ್ದು ಪಕ್ಕದ ಬೀಜ-ಗೊಬ್ಬರದ ಅಂಗಡಿಯ ಕಾಕಾ ಅವರಿಂದ. ಜೈನರು, ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಅಂಗಡಿಯ ಗೋಡೆಗೆ ವೈರ್‌ಲೆಸ್ ಡಬ್ಬಿ ಬಡಿಸಿ, "ನೀನೂ ಹಚ್ಚಿಕೊಳ್ಳಪಾ" ಎಂದು ತಾವಾಗಿಯೇ ಪಾಸ್‌ವರ್ಡ್ ಕೊಟ್ಟವರು. ಪೇಟೆಯ ಸೈಬರ್ ಕೆಫೆಗಳೆಲ್ಲ ಹಬ್ಬಕ್ಕೆ ಬಾಗಿಲು ಹಾಕಿದ್ದವು. ಕಾಕಾ ಮಾತ್ರ ಬೆಳಿಗ್ಗೆಯೇ ಪೂಜೆ ಇಳಿಸಿ ಅಂಗಡಿಯಲ್ಲಿ ಕೂತಿದ್ದರು. ನಾನು ಹೋಗಿ, "ಕಾಕಾ, ನೆಟ್ ಬರವಲ್ದು. ಡಬ್ಬಿ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ" ಅಂದೆ. ಮಾಡಿದರು. ಡಬ್ಬಿಯ ದೀಪಗಳೆಲ್ಲ ಮಿಣಿಮಿಣಿ ಅಂದವು. ಮನೆಗೆ ಓಡಿ ನೋಡಿದೆ, ಬರಲಿಲ್ಲ. ಮತ್ತೆ ಅಂಗಡಿಗೆ, ಮತ್ತೆ ಮನೆಗೆ. ಹೀಗೆ ಓಡಾಡುತ್ತ ಒಂದು ಹೊಡೆಯಿತು, ತಲೆ ಕೆಟ್ಟು ಹೋಗಿತ್ತು.

"ಪಾಸ್‌ವರ್ಡ್ ಬದಲ ಮಾಡೀರೇನ್ರಿ? ಖರೆ ಹೇಳ್ರಿ."

"ನಾ ಯಾಕ ಬದಲ ಮಾಡ್ಲೋ? ನನ್ನ ಕಂಪ್ಯೂಟರಿನ್ಯಾಗ ನೆಟ್ ಚಲೋ ನಡದೈತಿ. ಬೇಕಾದ್ರ..."

ಅವರ ಮಾತು ಮುಗಿಯಲು ನಾನು ಬಿಡಲಿಲ್ಲ. ಅವರದು ನಡೆಯುತ್ತದೆ, ನನ್ನದು ನಡೆಯುವುದಿಲ್ಲ, ಅಂದರೆ ಇವರೇ ಬೇಕಂತಲೇ ಮಾಡಿದ್ದಾರೆ ಎಂಬುದು ನನ್ನ ಲೆಕ್ಕ. ಗಲ್ಲಾಪೆಟ್ಟಿಗೆಯ ಮೇಲಿಂದ ಬಾಗಿ ಅವರ ಅಂಗಿ ಹಿಡಿದು ಎಳೆದೆ. ಹಬ್ಬದ ಹೊಸ ಅಂಗಿ, ಮೂರು ಗುಂಡಿ ಕಿತ್ತು ಬಂದವು. ಕಾಕಾ ಅರವತ್ತು ದಾಟಿದವರು, ಆದರೆ ಐವತ್ತು ಕಿಲೊ ಗೊಬ್ಬರದ ಚೀಲ ಎತ್ತಿ ಎತ್ತಿ ಗಟ್ಟಿಯಾದ ಕೈ. ಒಂದೇ ಏಟು ಕೊಟ್ಟರು, ನನ್ನ ತುಟಿ ಒಡೆಯಿತು. ನಾನು ಅವರನ್ನು ಚೀಲಗಳ ಸಾಲಿಗೆ ನೂಕಿದೆ. ಒಂದು ಚೀಲ ಹರಿದು ಬಿಳಿ ಯೂರಿಯಾ ನೆಲದ ತುಂಬ ಚೆಲ್ಲಿತು. ಇಬ್ಬರೂ ಅದರ ಮೇಲೆ ಜಾರಿ ಬಿದ್ದು ಒಬ್ಬರ ಕೂದಲು ಒಬ್ಬರು ಹಿಡಿದು ಹೊರಳಾಡಿದೆವು. ಮಂದಿ ಬಂದು ಬಿಡಿಸಿದರು.

"ಇನ್ನ ಮ್ಯಾಲ ನನ್ನ ಅಂಗಡಿ ಹೊಸ್ತಿಲ ತುಳದ್ರ ಕಾಲ ಮುರಿತೇನಿ ನೋಡ್" ಎಂದು ಕಾಕಾ ದಢ್ ಅಂತ ಶಟರ್ ಎಳೆದರು. ಅವರ ಕಣ್ಣಲ್ಲಿ ನೀರಿತ್ತು.

ಮನೆಗೆ ಬಂದಾಗ ಎರಡು ಗಂಟೆ. ತುಟಿಯ ರಕ್ತ ಒರೆಸಿಕೊಂಡು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಒಳಗಿನ ವೈರ್‌ಲೆಸ್ಸಿನ ಸಾಫ್ಟ್‌ವೇರು ಕಿತ್ತು ಹಾಕಿ ಮತ್ತೆ ಕೂಡಿಸಿದೆ. ಬ್ಯಾಟರಿ ಬಿಚ್ಚಿ ಮತ್ತೆ ಹಾಕಿದೆ. ಅಟ್ಟಕ್ಕೆ ಒಯ್ದೆ, ಅಂಗಳಕ್ಕೆ ಒಯ್ದೆ, ಕಾಕಾ ಅವರ ಗೋಡೆಗೆ ಆನಿಸಿ ಹಿಡಿದೆ. ಅದೇ ಕೆಂಪು ಕಾಟು. ಅವ್ವ ಹೋಳಿಗೆ ತಿನ್ನಲು ಕರೆದಳು. ನಾನು ಕೈಗೆ ಸಿಕ್ಕ ಸ್ಟೇಪ್ಲರನ್ನು ಅಡಿಗೆಮನೆಯ ಬಾಗಿಲಿಗೆ ಎಸೆದೆ. ಅವ್ವ ಮತ್ತೆ ಕರೆಯಲಿಲ್ಲ.

ಅಕ್ಕ ಇಷ್ಟೂ ಹೊತ್ತು ಪರದೆಯನ್ನೇ ನೋಡುತ್ತಿದ್ದಳು. ಮೂರೂವರೆಗೆ ಮೆಲ್ಲಗೆ ಬಾಯಿಬಿಟ್ಟಳು.

"ತಮ್ಮಾ, ಕಾಕಾಂದು ತಪ್ಪಿಲ್ಲ ಅನಸ್ತೈತಿ."

ನಾನು ಮತ್ತೊಮ್ಮೆ ಬಂದ್ ಮಾಡಿ ಚಾಲೂ ಮಾಡಿದೆ.

"ಪಾಸ್‌ವರ್ಡ್ ಬದಲಾಗಿದ್ರ ಅವರ ನೆಟ್ಟಿನ ಹೆಸರರೆ ಕಾಣಬೇಕಿತ್ತಲ್ಲ? ಎದುರಿನ ಆಫೀಸಿನ ಹೆಸರ ದಿನಾ ಕಾಣ್ತಿತ್ತು. ಅದೂ ಇಲ್ಲ. ಯಾರದೂ ಇಲ್ಲ. ದೋಷ ನಮ್ಮ ಮಶೀನದಾಗ ಐತಿ. ನಿನ್ನಿ ನೀ ತಿಕ್ಕಿ ಒರಿಸುಮುಂದ ಏನರೆ..."

ಹೊಡೆದೆ.

ಯಾವುದನ್ನು ತಡೆದುಕೊಳ್ಳಲಾಗಲಿಲ್ಲ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಹೇಳುತ್ತಿದ್ದಂತೆಯೇ ಅದು ಸರಿ ಎಂದು ನನಗೆ ಗೊತ್ತಾಗಿತ್ತು, ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಬಲಗೈ ಪೂರ್ತಿ ಬೀಸಿ ಅವಳ ಎಡಗೆನ್ನೆಗೆ ಬಿತ್ತು. ತಲೆ ಗೋಡೆಗೆ ಬಡಿಯಿತು. ಬೆಂಡೋಲೆ ಕಿವಿಯನ್ನು ಹರಿದು, ರಕ್ತ ಕುತ್ತಿಗೆಯಿಂದ ಇಳಿದು ಕುಪ್ಪಸದೊಳಗೆ ಹೋಯಿತು. ಅವ್ವ ಬಾಗಿಲಲ್ಲಿ ಬಂದು ನಿಂತಳು.

ಅಕ್ಕ ಅಳಲಿಲ್ಲ, ಕಿರುಚಲಿಲ್ಲ. ಏಟು ತಿಂದು ರೂಢಿಯಿದ್ದವರು ಹೇಗೆ ಕೂರಬೇಕೋ ಹಾಗೆ ಒಂದು ನಿಮಿಷ ಅಲುಗಾಡದೆ ಕೂತಳು. ಆಮೇಲೆ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಮುಂದಿನ ಅಂಚಿನಲ್ಲಿ ಒಣಗಿ ಗಟ್ಟಿಯಾಗಿದ್ದ ವಿಭೂತಿಯನ್ನು ಎಡಗೈಯ ಉಗುರಿನಿಂದ ಕೆರೆದಳು. ಅದರ ಕೆಳಗೆ ಸಣ್ಣದೊಂದು ದೀಪ, ಕಿತ್ತಳೆ ಬಣ್ಣದ್ದು. ಪ್ರತಿದಿನ ಅದು ನೀಲಿಯಾಗಿರುತ್ತಿತ್ತು. ದೀಪದ ಬಾಜೂ ಜೋಳದ ಕಾಳಿನಷ್ಟು ಸಣ್ಣ, ಸರಿಸುವ ಗುಂಡಿ, ವೈರ್‌ಲೆಸ್ ಚಾಲೂ-ಬಂದ್ ಮಾಡುವುದು. ನನ್ನ ಒದ್ದೆ ಬಟ್ಟೆ ಅದನ್ನು ಬಂದ್ ಮಾಡಿತ್ತು, ನನ್ನ ವಿಭೂತಿ ಅದನ್ನು ಮುಚ್ಚಿತ್ತು. ಅಕ್ಕ ಅದನ್ನು ಉಗುರಿನಿಂದ ಬಲಕ್ಕೆ ಸರಿಸಿದಳು. ದೀಪ ನೀಲಿಯಾಯಿತು. ಕಾಕಾ ಅವರ ಹೆಸರು ಬಂತು, ಎದುರಿನ ಆಫೀಸಿನ ಹೆಸರೂ ಬಂತು.

"ಆ ಕಡಿಗೆ ಸರಿ" ಅಂದಳು.

ಸರಿದೆ. ಅವಳಿಗೆ ಬಲಗೈಯ ಬೆರಳು ಮಡಚಲು ಬರುತ್ತಿರಲಿಲ್ಲ, ಎಡಗೈಯ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದಳು. ನಡುನಡುವೆ ಸೆರಗಿನಿಂದ ಕಿವಿ ಒರೆಸಿಕೊಳ್ಳುತ್ತಿದ್ದಳು. "ನಾ ಟೈಪ್ ಮಾಡಲೇನಕ್ಕಾ?" ಎಂದು ಒಮ್ಮೆ ಕೇಳಿದೆ. ಅವಳು ಮುಂದಿನ ಅಕ್ಷರ ಹುಡುಕಿ ಒತ್ತಿದಳು. ನಾಲ್ಕೂ ನಲವತ್ತಕ್ಕೆ ಅರ್ಜಿ ತಲುಪಿತು ಎಂದು ಪರದೆಯ ಮೇಲೆ ಬಂತು. ಪ್ರಿಂಟ್ ಒತ್ತಿದಳು.

"ಕಾಕಾ ತಮ್ಮ ಕಂಪ್ಯೂಟರಿನ್ಯಾಗ ತುಂಬ್ರಿ ಅಂತ ಹೇಳಾಕ ಹೊಂಟಿದ್ರು. ನಾ ಬಾಗಲದಾಗ ನಿಂತ ಕೇಳೇನಿ" ಎಂದಷ್ಟೇ ಹೇಳಿ ಎದ್ದು ಹೋದಳು.

ಪ್ರಿಂಟರಿನಿಂದ ಹಾಳೆ ತೆಗೆದು ನಾನು ಓದಿದೆ. ಪತ್ರ ವ್ಯವಹಾರದ ವಿಳಾಸ ಎಂಬಲ್ಲಿ ಹುಕ್ಕೇರಿ ಇರಲಿಲ್ಲ, ಗೋಕಾಕವೂ ಇರಲಿಲ್ಲ. ಮೂಡಲಗಿಯಲ್ಲಿ ಡಿ.ಎಡ್. ಕಾಲದ ಗೆಳತಿಯೊಬ್ಬಳಿದ್ದಳು, ಅವಳ ಮನೆಯ ವಿಳಾಸವಿತ್ತು.

"ಇದೇನಕ್ಕಾ, ನಮ್ಮ ಮನಿದು ಹಾಕಿಲ್ಲ?"

"ನಾ ಇರೂ ಕಡೆ ಕಾಗದ ಬರಬೇಕಲ್ಲ" ಅಂದಳು. ಆಗಲೇ ಸೀರೆ ಮಡಚಿ ಚೀಲಕ್ಕೆ ಹಾಕುತ್ತಿದ್ದಳು.

ಅವ್ವ ಅಡ್ಡ ನಿಂತಳು. "ಹಬ್ಬದ ದಿನ ಇದೇನ ಹಚ್ಚೀದಿ? ತಮ್ಮ ಅಲ್ಲೇನ? ಸಿಟ್ಟಿನ ಭರಕ್ಕ ಒಂದ ಏಟ ಹಾಕ್ಯಾನ. ನಿನ್ನ ಸಲುವಾಗೇ ಬಡದಾಡಾಂವ ಆಂವ. ಇಷ್ಟಕ್ಕ ಯಾರರೆ ಮನಿ ಬಿಡತಾರೇನ?"

"ನಮ್ಮತ್ತಿನೂ ಇದನ್ನ ಅಂತಿದ್ರವ್ವಾ" ಅಂದಳು ಅಕ್ಕ. "ಅವರು ಗಂಡ ಅಲ್ಲೇನ ಅಂತಿದ್ರು, ನೀ ತಮ್ಮ ಅಲ್ಲೇನ ಅಂತಿ. ಅಷ್ಟ ಫರಕ."

ಅವ್ವ ಬಾಗಿಲು ಬಿಟ್ಟು ಸರಿದು ಕೆಳಗೆ ಕೂತುಬಿಟ್ಟಳು.

ಆ ಅರ್ಜಿಯಿಂದಲೇ ಅಕ್ಕನಿಗೆ ನೌಕರಿ ಸಿಕ್ಕಿತು. ಮಸಗುಪ್ಪಿಯ ಕಡೆ ಒಂದು ಶಾಲೆ. ಆರ್ಡರು ಮೂಡಲಗಿಗೇ ಬಂತಂತೆ, ನನಗೆ ತಿಳಿಸಿದವರು ಘಟಪ್ರಭಾ ಸ್ಟೇಷನ್ನಿನಲ್ಲಿ ಸಿಕ್ಕ ಪರಿಚಯದವರು. ಕಾಕಾ ಅವರ ಅಂಗಡಿಗೆ ಹೋಗಿ ಕಾಲು ಮುಟ್ಟಿ ತಪ್ಪಾಯಿತು ಎಂದು ಹೇಳಲು ನನಗೆ ಎರಡು ತಿಂಗಳು ಹಿಡಿಯಿತು. ಆಮೇಲೆ ನಾನು ಯಾರ ಮೇಲೂ ಕೈ ಮಾಡಿಲ್ಲ. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ. ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದನ್ನು ನೋಡಿದ ಮೇಲೆ ಕೈ ತಾನಾಗಿಯೇ ಏಳದಂತಾಯಿತು.

ಅಕ್ಕನ ಹಿಂದೆಯೇ ಸ್ಕೂಟರ್ ಹತ್ತಿ ಹೋಗಿದ್ದೆ. ಮೂಡಲಗಿ ಬಸ್ಸು ಹೊರಡುವ ಹೊತ್ತು. ಕಿಟಕಿಯ ಪಕ್ಕದಲ್ಲಿ ಕೂತಿದ್ದಳು, ಬಾತ ಕೆನ್ನೆಯ ಮೇಲೆ ಸೆರಗು. ಹೋಗಬೇಡ ಎಂದು ಹೇಳಬೇಕಿತ್ತು, ತಪ್ಪಾಯಿತು ಎಂದಾದರೂ ಹೇಳಬೇಕಿತ್ತು. ಬಸ್ಸು ಅಲುಗಿತು. ಕಿಟಕಿಯ ಕಂಬಿ ಹಿಡಿಯಲೆಂದು ನಾನು ಕೈ ಎತ್ತಿದೆ. ಅಕ್ಕ ತಟ್ಟನೆ ತಲೆ ಹಿಂದಕ್ಕೆ ಎಳೆದು, ಜಜ್ಜಿದ ಬೆರಳಿನ ಕೈಯನ್ನು ಮುಖಕ್ಕೆ ಅಡ್ಡ ಹಿಡಿದು ಕಣ್ಣು ಮುಚ್ಚಿಕೊಂಡಳು.