ಮಹಡಿಗೆ ಹೋದ ಹಸಿರು ವೈರು

ಕರೆಂಟ್ ಮಾಮನ ಮುಂದಿನ ಹಲ್ಲುಗಳಲ್ಲಿ ಒಂದು ಪುಟ್ಟ ಕಚ್ಚು ಇತ್ತು. ಮೂವತ್ತು ವರ್ಷ ವೈರಿನ ಸಿಪ್ಪೆಯನ್ನು ಅಲ್ಲೇ ಕಚ್ಚಿ ಎಳೆದು ಆದದ್ದು. ನಕ್ಕಾಗ ಅದು ಕಾಣುತ್ತಿತ್ತು. ನನ್ನ ವಾದ ಕೇಳುವಾಗಲೆಲ್ಲ ಅವರು ನಗುತ್ತಿದ್ದರು.

ಮಲಪನಗುಡಿಯಲ್ಲಿ ನಾವು ಮನೆ ಕಟ್ಟಿಸಿದಾಗ ವೈರಿಂಗ್ ಅವರದೇ. ಕೆಲಸ ಮುಗಿದ ಮೇಲೆ ಅವರದೊಂದು ಪದ್ಧತಿ: ನೆಲಕ್ಕೆ ನೀರು ಚೆಲ್ಲಿ, ಚಪ್ಪಲಿ ಬಿಟ್ಟು, ಫ್ರಿಜ್ಜು, ಮೋಟರು, ಗೀಸರು ಎಲ್ಲವನ್ನೂ ಅಂಗೈಯ ಹಿಂಬದಿಯಿಂದ ಮುಟ್ಟುವುದು. ಟೆಸ್ಟರ್ ಇರುವಾಗ ಇದೇನು ಮೂಢನಂಬಿಕೆ ಎಂದು ನಾನು ಕೇಳಿದ್ದೆ.

"ಈ ಮನ್ಯಾಗ ಟೆಸ್ಟರ್ ಇರಂಗಿಲ್ಲ ತಂಗಿ, ಮಂದಿ ಇರ್ತಾರ" ಎಂದಿದ್ದರು.

ಗೃಹಪ್ರವೇಶಕ್ಕೆ ನಾಲ್ಕು ದಿನ ಇತ್ತು. ಮೀಟರ್ ಬೋರ್ಡಿನಿಂದ ಮಹಡಿಯ ಬೋರ್ಡಿಗೆ ಕರೆಂಟ್ ತರುವ ಫೇಸು, ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ಲು ಎರಡೇ ಹೋಗಿದ್ದವು. ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ಥಿಂಗಿನ ಹಸಿರು ವೈರು ಎಳೆಯುವ ಮೊದಲೇ ಪೈಪಿನೊಳಗೆ ಸಿಮೆಂಟ್ ಇಳಿದು ಗಟ್ಟಿಯಾಗಿ, ಮೇಲೆ ಬಣ್ಣವೂ ಬಳಿದಾಗಿತ್ತು. ಗೋಡೆ ಒಡೆಯಬೇಕು ಎಂದರು ಮಾಮ. ಅಪ್ಪನ ಮುಖ ಇಳಿಯಿತು.

ಚರ್ಚಾ ಸ್ಪರ್ಧೆಗಳಲ್ಲಿ ಪಳಗಿದ ಬಾಯಿ ನನ್ನದು, ಸುಮ್ಮನಿರಲಿಲ್ಲ. ನ್ಯೂಟ್ರಲ್ಲೂ ಕಡೆಗೆ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಮಣ್ಣಿಗೇ ಸೇರುತ್ತದೆ, ಹಸಿರು ವೈರೂ ಮಣ್ಣಿಗೇ ಹೋಗುತ್ತದೆ. ಹಾಗಿದ್ದ ಮೇಲೆ ಮಹಡಿಯ ಬೋರ್ಡಿನಲ್ಲೇ ಒಂದು ತುಂಡು ವೈರಿನಿಂದ ಅರ್ಥಿಂಗಿನ ಪಟ್ಟಿಯನ್ನು ನ್ಯೂಟ್ರಲ್ಲಿಗೇ ಜೋಡಿಸಿದರಾಯಿತಲ್ಲ ಎಂದೆ. ಅಪ್ಪ ತಕ್ಷಣ ಒಪ್ಪಿದರು. "ನೀ ಗೆದ್ದಿ ಬಿಡು ಲಾಯರವ್ವ" ಎಂದ ಮಾಮ, ನಾನು ಹೇಳಿದ ಹಾಗೆಯೇ ಜೋಡಿಸಿದರು.

ಆಮೇಲೆ ಅವ್ವನ ವಾಷಿಂಗ್ ಮಷೀನನ್ನು ಆ ಬೋರ್ಡಿಗೆ ಹಚ್ಚಿದರು. ಜೊತೆಗೆ ಇಸ್ತ್ರಿ ಪೆಟ್ಟಿಗೆ ಚಾಲೂ ಮಾಡಿದರು. ಒಂದು ಬಲ್ಬಿನ ಒಂದು ತುದಿಯನ್ನು ಮಷೀನಿನ ಮೈಗೆ, ಇನ್ನೊಂದನ್ನು ಅಂಗಳದ ಅರ್ಥ್ ಗುಂಡಿಯಿಂದ ತಂದ ವೈರಿಗೆ ಹಿಡಿದರು. ಬಲ್ಬು ಹತ್ತಲಿಲ್ಲ. ನಾನು ಅಪ್ಪನ ಕಡೆ ನೋಡಿ ಹುಬ್ಬೇರಿಸಿದೆ. ಮಾಮ ಮೇನ್ ಸ್ವಿಚ್ ಇಳಿಸಿ, ಕೆಳಗಿನಿಂದ ಬಂದ ನ್ಯೂಟ್ರಲ್ಲನ್ನು ಮಾತ್ರ ಬಿಡಿಸಿ, ಮತ್ತೆ ಏರಿಸಿದರು. ಈಗ ಬಲ್ಬು ಝಗ್ಗನೆ ಹತ್ತಿತು: ಮಷೀನಿನ ಮೈಗೇ ಕರೆಂಟ್ ಬಂದಿತ್ತು. ಸ್ವಿಚ್ಚು ತಾನಾಗಿಯೇ ಬಿದ್ದು ಟ್ರಿಪ್ ಆಗಬೇಕಿತ್ತಲ್ಲ ಎಂದೆ. ನನ್ನ ಹತ್ತಿರ ಉಳಿದಿದ್ದ ಕಡೆಯ ವಾದ ಅದು.

"ಅದಕ್ಕ ಯಾವ ತಪ್ಪೂ ಕಾಣವಲ್ದು. ಕರೆಂಟ್ ವಾಪಸ್ ಹೋಗಾಕ ದಾರಿ ಹುಡುಕತೈತಿ, ಮುಟ್ಟಿದವ್ರ ಮೈಯಾಗಿಂದ ಹೊಕ್ಕೈತಿ. ನ್ಯೂಟ್ರಲ್ಲಿಂದು ಒಂದು ಸ್ಕ್ರೂ ಸಡ್ಲ ಆದ್ರ ಸಾಕು. ನಾ ಮುಟ್ಟೂದು ಒಂದ ದಿನ ತಂಗಿ. ನಿಮ್ಮವ್ವ ದಿನಾ ಮುಟ್ಟತಾಳ."

ಅಪ್ಪನೇ ಹೋಗಿ ಸುತ್ತಿಗೆ ತಂದರು.

ಗೋಡೆ ಕೊರೆಯುತ್ತ ಮಾಮ ಸಂಡೂರಿನ ಮಾತು ತೆಗೆದರು. ಹೊಸದಾಗಿ ಕೆಲಸ ಹಿಡಿದಾಗ ಅಲ್ಲಿನ ಒಂದು ಮನೆಯಲ್ಲಿ ಗಡಿಬಿಡಿಯಿಂದ ಇದೇ ಜೋಡಣೆ ಮಾಡಿದ್ದರಂತೆ. ನ್ಯೂಟ್ರಲ್ಲು ಕಳಚಿದ ದಿನ ಆ ಮನೆಯಾಕೆ ಗ್ರೈಂಡರ್ ಮುಟ್ಟಿದರು. ಜೀವ ಉಳಿಯಿತು, ಬಲಗೈಯ ಎರಡು ಬೆರಳು ಮಾತ್ರ ಮತ್ತೆ ಮಡಚಲು ಬರಲಿಲ್ಲ.

"ತಪ್ಪು ನಂದ ಅಂತ ಹೋಗಿ ಹೇಳೀನಿ. ಈಗೂ ಹೋದ್ರ ಕುಂದ್ರಿ ಅಂತಾರ, ಚಾ ಕೊಡ್ತಾರ. ಲೋಟ ಎರಡೂ ಕೈಲೆ ಹಿಡಕೊಂಡು ತರ್ತಾರ."

ಆಮೇಲೆ ಅವರು ಮತ್ತೆ ಗೋಡೆ ಕೊರೆಯತೊಡಗಿದರು. ನಾನು ಪೊರಕೆ ತಂದು ಉದುರಿದ ಸಿಮೆಂಟ್ ಗುಡಿಸಿದೆ.

ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಸ ಗೋಡೆಯಲ್ಲಿ ಕೊರೆದ ಉದ್ದನೆಯ ಗೆರೆ ನೋಡಿ ಏನಾಯಿತೆಂದು ಕೇಳಿದರು. ಮಾಮ ಊಟಕ್ಕೆ ಕೂರುವ ಮುನ್ನ ಬರಿಗಾಲಲ್ಲಿ ಮಹಡಿ ಹತ್ತಿ, ಮಷೀನು ಮುಟ್ಟಿ ಬಂದರು.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕರೆಂಟಿನಿಂದಲ್ಲ, ಹೃದಯದ ತೊಂದರೆಯಿಂದ. ಊರವರು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮಹಡಿಯಲ್ಲಿ ಎಲ್ಲವೂ ನಿಂತುಹೋಯಿತು. ಹೊಸಪೇಟೆಯಿಂದ ಬಂದ ಮಿಸ್ತ್ರಿ ಬೋರ್ಡು ಬಿಚ್ಚಿ ತೋರಿಸಿದರು: ಕೆಳಗಿನಿಂದ ಬಂದ ನ್ಯೂಟ್ರಲ್ಲಿನ ತುದಿ ಸುಟ್ಟು ಕರಿಯಾಗಿ ಕಳಚಿಕೊಂಡಿತ್ತು. ಹಸಿರು ವೈರು ಅದರ ಗೊಡವೆಯಿಲ್ಲದೆ ಬೇರೆ ಪಟ್ಟಿಯಲ್ಲಿ ಬಿಗಿಯಾಗಿ ಕೂತಿತ್ತು.

ನ್ಯೂಟ್ರಲ್ಲು ಕಳಚಿದ ಹೊತ್ತಿಗೆ ಅವ್ವ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಮಷೀನಿನೊಳಗೆ ಮೊಣಕೈವರೆಗೆ ಕೈ ಹಾಕಿದ್ದಳು. ಅವಳಿಗೆ ಏನೂ ಗೊತ್ತಾಗಲಿಲ್ಲ. ಸೆರಗಿಗೆ ಕೈ ಒರೆಸುತ್ತ ಕೆಳಗಿಳಿದು ಬಂದು, "ಕರೆಂಟ್ ಹೋತೇನ? ಅರ್ಧ ಅರಬಿ ಒಗೀದ ಹಂಗ ಉಳದಾವ" ಎಂದಿದ್ದಳು.